ಜಾರದ ಶ್ರುತಿ

ಮನೆ,
ಫೆಬ್ರವರಿ ೧೯, ಬುಧವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ನಾನು ಚೆನ್ನಾಗಿದ್ದೇನೆ. ಮಂಡಿನೋವು ಹಾಗೇ ಇದೆ, ನನ್ನ ಬಾಯಿಯೂ ಹಾಗೇ ಇದೆ. ನೀನು ಸುಖವಾಗಿದ್ದೀಯೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ತಪ್ಪಾಯಿತು ಅನ್ನುತ್ತೇನೆ. ಆದರೆ ಹೆತ್ತ ಮಗಳಿಗೆ ಸುಳ್ಳು ಹೇಳಲಾರೆ, ಬೇಕೆಂದೇ ತಡಮಾಡಿದೆ. ಮೊದಲೇ ಬರೆದಿದ್ದರೆ ನೀನು ಓಡಿಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ಈಗ ನಮ್ಮ ಸಂಗೀತ ಕಚೇರಿ ಮುಗಿದುಹೋಗಿದೆ. ತಡೆಯಲು ಏನೂ ಉಳಿದಿಲ್ಲ. ಕೂತು ಓದು.

ನೀನು ಬರೆದಿದ್ದೆ: "ಅಮ್ಮ, ಅರವತ್ತನಾಲ್ಕರಲ್ಲಿ ನಿನಗೆ ಇದೆಲ್ಲ ಬೇಕಾ? ಆ ಕಂಪ್ಯೂಟರಿನವರ ಜೊತೆ, ಜಾಝ್ ಊದುವವರ ಜೊತೆ ವೇದಿಕೆ ಹತ್ತುತ್ತೀಯಂತೆ. ವಿದುಷಿಯವರ ಕಿವಿಗೆ ಬಿದ್ದಿದೆ. ವಾರ್ಷಿಕ ಕಚೇರಿಯಲ್ಲಿ ಈ ಸಲ ನನಗೆ ಅರ್ಧ ಗಂಟೆ ಕೊಡುವ ಮಾತಿತ್ತು. ನೀನು ಹೋದರೆ ಆ ಮಾತು ಹೋದ ಹಾಗೆಯೇ. ದಮ್ಮಯ್ಯ, ಬಿಟ್ಟುಬಿಡು." ನಿನ್ನ ಗುರುಗಳಾದ ವಿದುಷಿಯವರು ಆಡಿದ ಮಾತನ್ನೂ ಹಾಗೇ ಇಳಿಸಿದ್ದೆ: "ನನ್ನ ಹಿಂದೆ ಕೂತು ಬದುಕಿದೋಳು ಈಗ ಯಂತ್ರದ ಮುಂದೆ ಕೂತು ಮೆರೀತಾಳಂತೆ."

ಹೌದು, ಮೆರೆದೆ. ಅದನ್ನು ಹೇಳಲೆಂದೇ ಈ ಕಾಗದ.

ಅವರ ಹಿಂದೆ ಮೂವತ್ತೊಂದು ವರ್ಷ ತಂಬೂರಿ ಹಿಡಿದು ಕೂತೆ. ಬೇರೆ ಊರಿಗೆ ಹೋಗುವಾಗ ಕಾರಿನಲ್ಲಿ ತಂಬೂರಿಗೆ ಸೀಟು ಇರುತ್ತಿತ್ತು, ನನಗೆ ಇರುತ್ತಿರಲಿಲ್ಲ. "ಅದು ಸೂಕ್ಷ್ಮ, ಜೋಪಾನವಾಗಿ ಹೋಗ್ಬೇಕು. ನೀನು ಬಸ್ಸಲ್ಲಿ ಬಂದ್ಬಿಡು" ಅನ್ನುತ್ತಿದ್ದರು. ನಾನು ನಿನ್ನನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಿಂತು ಹೋಗುತ್ತಿದ್ದೆ. ವೇದಿಕೆಯ ಮೇಲೆ ಪಿಟೀಲಿನವರ ಹೆಸರು ಹೇಳಿದರು, ಮೃದಂಗದವರ ಹೆಸರು ಹೇಳಿದರು, ಹಾರ ಹಾಕಿದರು, ಮೈಕು ಕೊಟ್ಟವನಿಗೂ ವಂದನೆ ಹೇಳಿದರು. ನನ್ನ ಹೆಸರು ಒಂದೇ ಒಂದು ದಿನ ಯಾರ ಬಾಯಲ್ಲೂ ಬರಲಿಲ್ಲ. ಗೋಡೆಗೆ ಯಾರಾದರೂ ಹೆಸರಿಡುತ್ತಾರೆಯೇ?

ಪಕ್ಕವಾದ್ಯದವರೆಲ್ಲ ಸೇರಿ ಸಂಘ ಕಟ್ಟಿದಾಗ ಸರಿಯಾದ ಸಂಭಾವನೆಗಾಗಿ ಫಲಕ ಹೊತ್ತು ಬೀದಿಯಲ್ಲಿ ಮೊದಲು ನಿಂತವಳು ನಾನು. ಕೂಗಿ ಕೂಗಿ ಗಂಟಲು ಹರಿದುಕೊಂಡೆ. ಸಂಘ ಗೆದ್ದಿತು. ಸದಸ್ಯರ ಪುಸ್ತಕಕ್ಕೆ ಹೆಸರು ಬರೆಸಲು ಹೋದರೆ ಪಿಟೀಲಿನವರು ಕನ್ನಡಕ ಸರಿಮಾಡಿಕೊಂಡು, "ಅಕ್ಕ, ತಂಬೂರಿ ಪಕ್ಕವಾದ್ಯ ಅಲ್ವಲ್ಲ, ಅದು ಬರೀ ಶ್ರುತಿ" ಅಂದರು. ಬರೀ ಶ್ರುತಿ! ಬರೀ ನೆಲ, ಬರೀ ಗಾಳಿ ಅಂದ ಹಾಗೆ. ಫಲಕ ಹೊರುವಾಗ ಮಾತ್ರ ನಾನು ಪೂರಾ ಸದಸ್ಯೆಯಾಗಿದ್ದೆ.

ಆಮೇಲೆ ಒಂದು ಸಂಜೆ ವೇದಿಕೆ ಹತ್ತಿದರೆ ನನ್ನ ಜಾಗದಲ್ಲಿ ಊಟದ ಡಬ್ಬಿಯಷ್ಟು ಗಾತ್ರದ ಪೆಟ್ಟಿಗೆ ಕೂತಿತ್ತು. ಒಂದು ಗುಂಡಿ ಒತ್ತಿದರೆ ತಂಬೂರಿಯ ಹಾಗೇ ಜುಂಯ್ ಅನ್ನುತ್ತದೆ, ಊಟ ಕೇಳುವುದಿಲ್ಲ, ಬಸ್ಸಿಗೆ ಕಾಯುವುದಿಲ್ಲ. "ಇನ್ನು ನಿಂಗ್ಯಾಕೆ ಕಷ್ಟ" ಎಂದರು ವಿದುಷಿಯವರು. ಅಂದಿನಿಂದ ಒಂಬತ್ತು ವರ್ಷ ನನ್ನ ತಂಬೂರಿ ಬೀರುವಿನ ಪಕ್ಕ ಗವಸು ಹಾಕಿಕೊಂಡು ನಿಂತಿತು. ಇದೆಲ್ಲ ನಿನಗೆ ಗೊತ್ತಿರುವುದೇ. ಗೊತ್ತಿದ್ದೂ "ದಮ್ಮಯ್ಯ" ಎಂದೆಯಲ್ಲ, ಅದಕ್ಕೆ ಮತ್ತೆ ಬರೆದೆ.

ಈಗ ಗೊತ್ತಿಲ್ಲದ್ದನ್ನು ಹೇಳುತ್ತೇನೆ.

ಹಳೆಯ ಮೃದಂಗದವರು ನೆನಪಿದ್ದಾರಲ್ಲ, ಸದಾ ನಗುತ್ತ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದವರು? ಅವರೇ ಮನೆಗೆ ಬಂದರು. "ಅಕ್ಕ, ಒಂದು ಹುಚ್ಚರ ಗುಂಪು ಸೇರ್ಕೊಂಡಿದೀನಿ. ಒಬ್ರು ಸ್ಯಾಕ್ಸೋಫೋನು, ಒಬ್ರು ಆಳೆತ್ತರದ ಪಿಟೀಲಿನಂಥ ಬೇಸು, ಒಬ್ಳು ಕಂಪ್ಯೂಟರು. ಎಲ್ಲ ಇದೆ, ಕೂತ್ಕೊಳ್ಳೋಕೆ ನೆಲ ಇಲ್ಲ. ಬನ್ನಿ" ಎಂದರು. ಕಂಪ್ಯೂಟರು ಅಂದ ಕೂಡಲೇ ನನ್ನ ಮೈ ಉರಿದುಹೋಯಿತು. ಹೋದೆ. ನುಡಿಸುವುದಕ್ಕಲ್ಲ, ಜಗಳಕ್ಕೆ.

ಇಸ್ತ್ರಿ ಅಂಗಡಿಯ ಮೇಲೊಂದು ಕೋಣೆ. ಕೆಳಗಿನ ಹಬೆಗೆ ನೆಲ ಬೆಚ್ಚಗಿರುತ್ತದೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆಯ ತಟ್ಟೆ ಅಂಟಿಸಿದ್ದಾರೆ. ನಡುವೆ ಒಂದು ಮೇಜು, ಮೇಜಿನ ತುಂಬ ಗುಂಡಿ, ತಿರುಪು, ಮಿಣುಕುವ ದೀಪ. ಕೊರಳಲ್ಲಿ ಸುತ್ತಿದ ವೈರು, ಹೆಗಲಲ್ಲಿ ನೇತುಬಿದ್ದ ವೈರು, ಬಾಯಲ್ಲಿ ಕಚ್ಚಿಹಿಡಿದ ವೈರು. ಮೂವತ್ತರ ಆಸುಪಾಸಿನ ಒಬ್ಬಳು ಮೇಜಿನ ಕೆಳಗಿನಿಂದ ಎದ್ದು ಬಂದಳು. ಅಂದಿನಿಂದ ಅವಳನ್ನು ವೈರಮ್ಮ ಎಂದೇ ಕರೆಯುತ್ತೇನೆ. ಆಸ್ಪತ್ರೆಯಲ್ಲಿ ಎದೆಬಡಿತ ತೋರಿಸುವ ಯಂತ್ರಗಳನ್ನು ರಿಪೇರಿ ಮಾಡುವುದು ಅವಳ ಕೆಲಸ.

"ನಿನ್ನಂಥ ಪೆಟ್ಟಿಗೆಯೋರೇ ಕಣೇ ನನ್ನ ಕೆಲಸ ಕಿತ್ಕೊಂಡಿದ್ದು" ಎಂದೆ, ಕೂರುವುದಕ್ಕೂ ಮೊದಲು.

ಅವಳು ಬಾಯಲ್ಲಿದ್ದ ವೈರು ತೆಗೆದಳು. "ಅಮ್ಮ, ಪೆಟ್ಟಿಗೆಗೆ ಕೈಯಿಲ್ಲ. ಅದು ಏನನ್ನ ಕಿತ್ಕೊಳ್ಳತ್ತೆ? ಅದನ್ನ ತಂದು ನಿಮ್ಮ ಜಾಗದಲ್ಲಿ ಇಟ್ಟೋರಿಗೆ ಕೈಯಿತ್ತಲ್ಲ, ಅವ್ರನ್ನ ಕೇಳಿದ್ರಾ?"

ಪುಟ್ಟಿ, ಬೀದಿಯಲ್ಲಿ ಅಷ್ಟು ವರ್ಷ ಘೋಷಣೆ ಕೂಗಿದವಳು ನಾನು. ಇಷ್ಟು ಸೀದಾ ಮಾತು ನನಗೇ ಹೊಳೆದಿರಲಿಲ್ಲ. ಕೂತೆ. ಗವಸು ಬಿಚ್ಚಿದೆ.

ಅವಳು ಅಂಗಿಯ ಗುಂಡಿಯಷ್ಟು ಗಾತ್ರದ ಮೈಕೊಂದನ್ನು ತಂಬೂರಿಯ ಹೊಟ್ಟೆಗೆ ಆಸ್ಪತ್ರೆಯ ಅಂಟುಪಟ್ಟಿಯಿಂದ ಅಂಟಿಸಿದಳು. "ಅಜ್ಜಿಗೆ ಇಸಿಜಿ" ಎಂದರು ಮೃದಂಗದವರು. ನಾನು ಮೀಟಿದೆ. ಅವಳು ಆ ನಾದವನ್ನು ಅಲ್ಲೇ ಹಿಡಿದು, ಹಿಗ್ಗಿಸಿ, ಪುಡಿಮಾಡಿ, ಕೋಣೆಯ ನಾಲ್ಕು ಮೂಲೆಯಿಂದ ತೂರಿದಳು. ಮನೆಯಲ್ಲಿ ಮಾಡಿಟ್ಟುಕೊಂಡು ಬಂದ ಅಡುಗೆಯಲ್ಲ ಅದು, ಅಲ್ಲೇ ಒಲೆ ಹಚ್ಚಿ ಅಲ್ಲೇ ಬಡಿಸುವುದು. ನಾನು ಕೆಮ್ಮಿದರೆ ನನ್ನ ಕೆಮ್ಮೂ ಸಂಗೀತವಾಗುತ್ತಿತ್ತು. ನಾನು ಮೀಟುವುದನ್ನು ನಿಲ್ಲಿಸಿದರೆ ಅವಳ ಕೈಯಲ್ಲಿ ಹಿಡಿಯಲು ಏನೂ ಇರಲಿಲ್ಲ. ಆ ಡಬ್ಬಿಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದೇ ಎಲ್ಲ.

ಮೊದಲ ದಿನ ಅವಳು ಪರದೆ ನೋಡಿ ಹೇಳಿದಳು, "ಅಮ್ಮ, ನಿಮ್ಮ ಶ್ರುತಿ ಸ್ವಲ್ಪ ಆಚೆಗಿದೆ."

"ಯಾವುದರಿಂದ ಆಚೆ?"

"ಕಂಪ್ಯೂಟರ್ ಲೆಕ್ಕದಿಂದ."

"ಹಾಗಾದ್ರೆ ಕಂಪ್ಯೂಟರಿಗೆ ಹೇಳು, ಸ್ವಲ್ಪ ಈಚೆ ಬಾ ಅಂತ."

ಸ್ಯಾಕ್ಸೋಫೋನಿನವರು ನಕ್ಕ ನಗುವಿಗೆ ವಾದ್ಯದ ಬಾಯಿಂದ ಉಗುಳು ಸಿಡಿಯಿತು. ಅವರದ್ದೂ ನನ್ನದೇ ಕಥೆ. ದೊಡ್ಡ ಹೋಟೆಲೊಂದರ ಊಟದ ಮನೆಯಲ್ಲಿ ಇಪ್ಪತ್ತೆರಡು ವರ್ಷ ಜಾಝ್ ನುಡಿಸಿದ್ದಾರೆ. "ಚಮಚದ ಸದ್ದು ಜಾಸ್ತಿಯಾದ್ರೆ ನಾವು ಸಣ್ಣಗೆ ನುಡಿಸ್ಬೇಕಿತ್ತು, ಅಕ್ಕ" ಎಂದರು. ಬೇಸಿನವರು ಮಾತೇ ಆಡುವುದಿಲ್ಲ, ಅವರನ್ನು ಎಲ್ಲರೂ ಮೌನಿ ಅನ್ನುತ್ತಾರೆ. ಚಹಾ ತರುವುದು ಅವರೇ. ಹೀಗೆ ಐದು ಜನ. ಐದೂ ಜನ ಯಾರದೋ ಹಿಂದೆ ಬದುಕಿದವರು. ಆ ಕೋಣೆಯಲ್ಲಿ ಹಿಂದೆ ಎಂಬುದೇ ಇರಲಿಲ್ಲ, ಸುತ್ತ ಕೂರುತ್ತಿದ್ದೆವು.

ಮುಂದಿನದು ಅರ್ಥವಾಗಬೇಕಾದರೆ ನಿನಗೊಂದು ಗುಟ್ಟು ಹೇಳಬೇಕು. ಹೇಳಬಾರದು ಎಂದು ನಲವತ್ತು ವರ್ಷ ಹಲ್ಲು ಕಚ್ಚಿದ್ದೆ.

ವಿದುಷಿಯವರದ್ದು ಬಂಡೆಯಂಥ ಶ್ರುತಿ ಎಂದು ಪತ್ರಿಕೆಯವರು ಬರೆಯುತ್ತಾರೆ. ಬಂಡೆ ಜಾರುತ್ತಿತ್ತು ಕಣೇ. ಎರಡನೇ ಗಂಟೆಯ ಹೊತ್ತಿಗೆ ಗಂಟಲು ದಣಿದು ಕೂದಲೆಳೆಯಷ್ಟು ಇಳಿಯುತ್ತಿತ್ತು. ಹಾಡುವವರಿಗೆ ಅದು ತಿಳಿಯುವುದಿಲ್ಲ, ಹಿಂದೆ ಕೂತವಳಿಗೆ ತಿಳಿಯುತ್ತದೆ. ಆಗ ನಾನು ಬಲಗೈಯಲ್ಲಿ ಮೀಟುತ್ತಿದ್ದ ಹಾಗೇ ಎಡಗೈಯಿಂದ ತಂತಿಯ ಬುಡದ ಮಣಿಯನ್ನು ಎಳ್ಳಿನಷ್ಟು ಸರಿಸುತ್ತಿದ್ದೆ. ಆ ತಂತಿ ಇಳಿಯುತ್ತಿತ್ತು. ಆಮೇಲೆ ಇನ್ನೊಂದು ಮಣಿ, ಇನ್ನೊಂದು. ಅವರು ಎಲ್ಲಿಗೆ ಜಾರಿದರೋ ಅಲ್ಲಿಗೆ ನೆಲವನ್ನೇ ಸರಿಸುತ್ತಿದ್ದೆ. ಪಿಟೀಲಿನವರು ತಮಗೇ ಅರಿವಿಲ್ಲದೆ ಬೆರಳು ಸರಿಸಿಕೊಂಡು ಬಚಾವಾಗುತ್ತಿದ್ದರು. ಫಜೀತಿ ಮೃದಂಗದವರದ್ದು. ಪಾಪ, ಹಾಡಿನ ನಡುವೆ ಸುತ್ತಿಗೆ ತೆಗೆದು ಟಕಟಕ ಕುಟ್ಟಿ ಶ್ರುತಿ ಇಳಿಸಿಕೊಳ್ಳಬೇಕು. ಕಚೇರಿ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಏನಕ್ಕ, ಇವತ್ತು ಎಷ್ಟು ಮೆಟ್ಟಿಲು ಇಳಿಸಿದ್ರಿ?" ಎಂದು ಕಣ್ಣು ಮಿಟುಕಿಸುತ್ತಿದ್ದರು. ನಮ್ಮಿಬ್ಬರಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ನಾನು ಅದನ್ನು ನಿಷ್ಠೆ ಅಂದುಕೊಂಡಿದ್ದೆ. ಗುಲಾಮಗಿರಿಗೆ ಒಳಗಿನಿಂದ ನೋಡಿದರೆ ನಿಷ್ಠೆಯ ಮುಖವೇ ಇರುತ್ತದೆ.

ಹಾಲಿನವನು ಬಂದ. ನಿಲ್ಲಿಸುತ್ತೇನೆ.

ಮತ್ತೆ ಕೂತೆ, ಹನ್ನೊಂದು ಗಂಟೆ. ಎಲ್ಲಿದ್ದೆ? ಹಾ, ಕಚೇರಿ.

ಕಳೆದ ಭಾನುವಾರ ಸಂಜೆ ಆರಕ್ಕೆ. ಸಭಾಂಗಣದ ಕಾರ್ಯದರ್ಶಿ ಬಂದು ಜಾಗ ತೋರಿಸಿದ. "ಅಮ್ಮ, ನೀವು ಹಿಂದೆ, ಆ ಪರದೆ ಹತ್ರ ಕೂತ್ಕೊಳ್ಳಿ. ನೋಡೋಕೆ ಚೆನ್ನಾಗಿರತ್ತೆ."

"ಯಾರಿಗೆ ಚೆನ್ನಾಗಿರತ್ತೆ ಸ್ವಾಮಿ?" ಎಂದೆ. "ಪರದೆಗಾ?" ಜಮಖಾನೆಯನ್ನು ನಾನೇ ಎಳೆದುಕೊಂಡು ಹೋಗಿ ನಟ್ಟನಡುವೆ ಹಾಸಿದೆ. ಅವನು ವೈರಮ್ಮನ ಮುಖ ನೋಡಿದ. "ನನ್ನ ವೈರು ಅಲ್ಲೀವರೆಗೆ ಮಾತ್ರ ಬರತ್ತೆ ಸಾರ್, ಹಿಂದಕ್ಕೆ ಎಟುಕಲ್ಲ" ಎಂದಳು ಕಳ್ಳಿ. ಅವಳ ಕಾಲಬುಡದಲ್ಲಿ ಇನ್ನೂ ಹತ್ತು ಮಾರು ವೈರು ಸುತ್ತಿಟ್ಟಿತ್ತು.

ವಿದುಷಿಯವರು ಬಂದಿದ್ದರು. ಹೌದು, ಮೊದಲ ಸಾಲಿನಲ್ಲಿ, ಕೈಕಟ್ಟಿಕೊಂಡು. ನಮ್ಮ ಸಂಗೀತ ಕೆಡುವುದನ್ನು ಕಣ್ಣಾರೆ ನೋಡಲು ಬಂದಿದ್ದರೆಂದು ಕಾಣುತ್ತದೆ. ನಿನಗಾಗಿಯೂ ಹುಡುಕಿದೆ. ನೀನಿರಲಿಲ್ಲ.

ಮೃದಂಗದವರು ಎದ್ದು ಮೈಕು ಹಿಡಿದು ಐವರ ಹೆಸರನ್ನೂ ಹೇಳಿದರು. ಮೊದಲು ನನ್ನದು. ಪುಟ್ಟಿ, ನನ್ನ ಹೆಸರು ದೊಡ್ಡ ಕೋಣೆಯಲ್ಲಿ ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಯಾರೋ ಬೇರೆಯವರನ್ನು ಕರೆದ ಹಾಗಿತ್ತು.

ಮೊದಲ ಎರಡು ನಿಮಿಷ ನಾನೊಬ್ಬಳೇ. ಬರೀ ಶ್ರುತಿ. ವೈರಮ್ಮ ಅದನ್ನು ಹಿಡಿದಿಟ್ಟುಕೊಂಡು ಸುತ್ತಲಿನ ಸ್ಪೀಕರುಗಳಿಂದ ಮೆಲ್ಲಗೆ ಉಸಿರಾಡಿಸಿದಳು. ಆ ಹಿಡಿದಿಟ್ಟ ನಾದವೇ ಕೊನೆಯವರೆಗೂ ತಿರುತಿರುಗಿ ಬರಬೇಕು, ಅದರ ಮೇಲೆ ನಾವು ಕಟ್ಟಬೇಕು, ಅದು ನಮ್ಮ ಕರಾರು. ಮೃದಂಗ ಬಂತು. ಮೌನಿಯ ಬೇಸು ನೆಲದಡಿ ಗುಡುಗಿತು. ಸ್ಯಾಕ್ಸೋಫೋನು ನಮ್ಮ ರಾಗದ ಗಾಂಧಾರವನ್ನು ಮುಟ್ಟಿ, ಅಲ್ಲಿಂದ ನಮಗೆ ಗೊತ್ತಿಲ್ಲದ ಓಣಿಗೆ ಹೊರಳಿ, ಮತ್ತೆ ಷಡ್ಜಕ್ಕೆ ಬಂದು ಬಾಗಿಲು ತಟ್ಟಿತು. ನೀನು ಕೇಳಬೇಕಿತ್ತು.

ಫ್ಯಾನಿನ ಸದ್ದು ಮೈಕಿಗೆ ಹೋಗುತ್ತದೆಂದು ಫ್ಯಾನೆಲ್ಲ ನಿಲ್ಲಿಸಿದ್ದರು. ಮೇಲಿನಿಂದ ದೀಪಗಳ ಝಳ. ಊದುವ ವಾದ್ಯ ಕಾದಷ್ಟೂ ಶ್ರುತಿ ಏರುತ್ತದೆ. ಇಪ್ಪತ್ತನೇ ನಿಮಿಷಕ್ಕೆ ಸ್ಯಾಕ್ಸೋಫೋನು ಕೂದಲೆಳೆಯಷ್ಟು ಮೇಲೆ ಹೋಗಿತ್ತು. ಅವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ನನ್ನ ಎಡಗೈ ನನ್ನನ್ನು ಕೇಳಲೇ ಇಲ್ಲ. ಹೋಗಿ ಮಣಿ ಸರಿಸಿಬಿಟ್ಟಿತು.

ವೊಂ... ವೊಂ... ವೊಂ...

ಸಭಾಂಗಣವೇ ಹೊಟ್ಟೆನೋವು ಬಂದವರಂತೆ ನರಳತೊಡಗಿತು. ನನ್ನ ಕೈಯಲ್ಲಿದ್ದ ತಂಬೂರಿ ಮೇಲೆ ಹೋಗಿತ್ತು. ಸ್ಪೀಕರಿನಲ್ಲಿದ್ದ ನನ್ನ ತಂಬೂರಿ ಮೊದಲಿನ ಜಾಗದಲ್ಲೇ ಇತ್ತು. ಎರಡೂ ನಾನೇ, ಒಂದಕ್ಕೊಂದು ಹಾಯುತ್ತಿದ್ದೆವು. ಮೂವತ್ತೊಂದು ವರ್ಷ ಯಾರಿಗೂ ಕಾಣದೆ ಮಾಡಿದ ಕೆಲಸವನ್ನು ಆ ಯಂತ್ರ ನಾಲ್ಕು ದಿಕ್ಕಿನಿಂದ ಡಂಗುರ ಸಾರುತ್ತಿತ್ತು. ಅದು ನನ್ನ ತಪ್ಪು, ಯಂತ್ರದ್ದಲ್ಲ.

ಸ್ಯಾಕ್ಸೋಫೋನಿನವರು ಯಾವುದನ್ನು ಹಿಡಿಯಲಿ ಎಂದು ತಡವರಿಸಿದರು. ವೈರಮ್ಮ ಬೆಳ್ಳಗಾದ ಮುಖ ಎತ್ತಿ ನನ್ನನ್ನು ನೋಡಿದಳು. ಅವಳ ಬೆರಳು ಒಂದು ಗುಂಡಿಯ ಮೇಲಿತ್ತು. ಅದೊಂದನ್ನು ಒತ್ತಿದರೆ ಹಿಡಿದಿಟ್ಟ ನಾದ ಅಳಿಸಿಹೋಗುತ್ತದೆ, ನಾನು ಯಾವಾಗಿನಂತೆ ಮುಂದಿನವರ ಜೊತೆ ಜಾರಿಕೊಂಡು ಹೋಗಬಹುದು. ಎಲ್ಲರ ಮಾನ ಉಳಿಯುತ್ತದೆ.

ನಾನು ಇಲ್ಲವೆಂದು ತಲೆಯಾಡಿಸಿದೆ.

ಮಣಿಗಳನ್ನು ಒಂದೊಂದಾಗಿ ಹಿಂದಕ್ಕೆ ತಂದೆ. ಅವಸರ ಮಾಡಲಿಲ್ಲ. ಎಲ್ಲರೂ ಕೇಳುವಂತೆ, ಎಲ್ಲರೂ ನೋಡುವಂತೆ ತಂದೆ. ವೊಂವೊಂ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ನನ್ನ ಮೊದಲಿನ ಶ್ರುತಿಗೆ ಬಂದು ಕೂತೆ. ಬಲಗೈಯಲ್ಲಿ ಜೋರಾಗಿ ಮೀಟಿದೆ. ಬನ್ನಿ, ಎಂದು ಸ್ಯಾಕ್ಸೋಫೋನಿನವರ ಕಡೆ ನೋಡಿದೆ. ಈ ಸಲ ನಾನು ಬರುವುದಿಲ್ಲ, ನೀವು ಬನ್ನಿ.

ಅವರು ಒಂದು ಉಸಿರು ಬಿಟ್ಟು, ವಾದ್ಯದ ಬಾಯನ್ನು ನೂಲಿನಷ್ಟು ಹೊರಗೆಳೆದುಕೊಂಡು, ಊದಿದರು. ಇಳಿದು ಬಂದರು. ಬೇಸು ಬಂತು. ಮೃದಂಗದವರು ಎಂದಿಗೂ ಹೋಗಿರಲೇ ಇಲ್ಲ, ಅಲ್ಲೇ ಕಾಯುತ್ತಿದ್ದರು. ಅವರ ಕೈಯಿಂದ ಬಿದ್ದ ಆ ಒಂದು ಏಟಿಗೆ ಮೈ ಜುಮ್ಮೆಂದಿತು. ಆಮೇಲಿನ ಹದಿನೈದು ನಿಮಿಷ ಅಷ್ಟು ದೊಡ್ಡ ಸಭಾಂಗಣ, ಅಷ್ಟು ಜನ, ಅಷ್ಟು ಯಂತ್ರ ನನ್ನ ಶ್ರುತಿಯ ಮೇಲೆ ನಿಂತಿತ್ತು. ನಾನು ಕದಲಲಿಲ್ಲ.

ಕಚೇರಿ ಮುಗಿದು ವೇದಿಕೆಯ ಹಿಂದಿನ ಕೋಣೆಗೆ ಬಂದ ಮೇಲೆ ಮೃದಂಗದವರು, "ಅಕ್ಕ, ಜೀವಮಾನದಲ್ಲಿ ಮೊದಲ್ನೇ ಸಲ ಸುತ್ತಿಗೆ ಮುಟ್ಟೋ ಕೆಲಸ ಬರಲಿಲ್ಲ" ಎಂದು ಕಣ್ಣೊರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ, ಆ ಮನುಷ್ಯನದ್ದು ಗೊತ್ತಾಗುವುದಿಲ್ಲ.

ವಿದುಷಿಯವರು ಒಳಗೆ ಬಂದರು. ಅವರ ಗಂಟಲು ದಣಿದಿರಬಹುದು, ಕಿವಿ ದಣಿದಿಲ್ಲ. ಎಲ್ಲರನ್ನೂ ದಾಟಿ ಸೀದಾ ನನ್ನ ಮುಂದೆ ನಿಂತರು.

"ಮಧ್ಯದಲ್ಲಿ ಮಣಿ ಸರಿಸಿದೆ."

"ಹೌದು."

"ನನ್ನ ಹಿಂದೆ ಕೂತಾಗ್ಲೂ?"

"ಹೌದು."

"ಎಷ್ಟು ವರ್ಷ?"

"ಮೂವತ್ತೊಂದು."

ಅವರು ನನ್ನ ಎಡಗೈಯನ್ನೇ ನೋಡಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನಾನು ಜಾರ್ತಿದ್ನಾ?" ಎಂದರು.

ಆ ಗಳಿಗೆ ನನಗೆ ಅವರ ಮೇಲೆ ಕನಿಕರ ಬಂತು, ಸುಳ್ಳೇಕೆ. ಆದರೆ ಕನಿಕರಕ್ಕೆ ಬಾಯಿ ಮುಚ್ಚಿಕೊಳ್ಳುವ ಚಾಳಿ ಬಿಟ್ಟಾಗಿತ್ತು. "ಜಾರೋದು ತಪ್ಪಲ್ಲ, ಅಮ್ಮಾವ್ರೇ. ಗಂಟಲು ಅಂದ್ಮೇಲೆ ಜಾರತ್ತೆ. ಹಿಡಿದವಳ ಹೆಸರು ಒಂದು ದಿನಾನೂ ಹೇಳ್ಲಿಲ್ವಲ್ಲ, ಅದು ತಪ್ಪು" ಎಂದೆ.

ಅವರು ಸೆರಗು ಹೊದ್ದುಕೊಂಡು ಹೊರಟುಹೋದರು. ನಿನ್ನ ಅರ್ಧ ಗಂಟೆಯ ಬಗ್ಗೆ ಅವರು ಮಾತೆತ್ತಲಿಲ್ಲ, ನಾನು ಕೇಳಲಿಲ್ಲ. ಕೇಳುವುದೂ ಇಲ್ಲ. ಆ ಅವಕಾಶ ಹೋಗಿದ್ದರೆ ನೀನು ನನ್ನನ್ನು ಬೈಯಬಹುದು, ಆ ಹಕ್ಕು ನಿನಗಿದೆ. ಆದರೆ ಅಮ್ಮನ ಬಾಯಿಗೆ ಬಟ್ಟೆ ತುರುಕಿ ಮಗಳಿಗೆ ಕೊಡುವ ಅರ್ಧ ಗಂಟೆಯಲ್ಲಿ ನೀನು ಏನನ್ನು ಹಾಡುತ್ತೀಯ, ಒಂದು ಸಲ ಯೋಚನೆ ಮಾಡು. ನಿನ್ನ ಗಂಟಲು ಯಾರ ಮುಲಾಜಿನಲ್ಲೂ ಬೆಳೆದದ್ದಲ್ಲ. ಬಸ್ಸಿನಲ್ಲಿ ನನ್ನ ಕಂಕುಳಲ್ಲಿ ಅತ್ತು ಅತ್ತು ಬೆಳೆದದ್ದು. ಕಂಡಕ್ಟರೇ ಹೇಳುತ್ತಿದ್ದ, "ಏನಮ್ಮ, ಮಗೂಗೆ ಗಂಟಲು ಸ್ವಲ್ಪ ಜಾಸ್ತಿನೇ ಕೊಟ್ಟಿದೀರ" ಎಂದು.

ಮುಂದಿನ ತಿಂಗಳು ಇನ್ನೊಂದು ಊರಿನಿಂದ ಕರೆ ಬಂದಿದೆ. ಹೋಗುತ್ತೇವೆ. ತಂಬೂರಿಗೂ ಸೀಟು, ನನಗೂ ಸೀಟು. ಕಿಟಕಿಯ ಪಕ್ಕದ್ದೇ ಬೇಕೆಂದು ಹಟ ಹಿಡಿದಿದ್ದೇನೆ.

ಆರೋಗ್ಯ ನೋಡಿಕೋ. ತಣ್ಣೀರು ಕುಡಿಯಬೇಡ, ಸಾಧನೆ ತಪ್ಪಿಸಬೇಡ. ನಿನ್ನ ದನಿ ನೂರು ವರ್ಷ ಬಾಳಲಿ, ಯಾರ ಮುಂದೆಯೂ ತಗ್ಗದಿರಲಿ, ನನ್ನ ಮುಂದೆಯೂ.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿ, ಮತ್ತೆ ತೆಗೆದೆ. ವಿದುಷಿಯವರು ಡಬ್ಬಿ ತಂದಿಟ್ಟ ದಿನ ನನಗೆ ಸಿಟ್ಟು ಬಂದಿತ್ತು, ಅಷ್ಟೇ. ಸಿಟ್ಟಿನಲ್ಲಿ ಬದುಕುವುದು ನನಗೆ ಅಭ್ಯಾಸ. ಆದರೆ ನಿನ್ನ ಮೊದಲ ಕಚೇರಿಯ ದಿನ ನಾನು ಬೆಳಿಗ್ಗೆಯೇ ಎದ್ದು ತಂಬೂರಿಗೆ ಹೊಸ ತಂತಿ ಕಟ್ಟಿದ್ದೆ. ಹೊತ್ತುಕೊಂಡು ಬಂದರೆ ನಿನ್ನ ಹಿಂದೆಯೂ ಆ ಡಬ್ಬಿ ಕೂತಿತ್ತು. ನೀನು ನನ್ನ ಎರಡೂ ಕೈ ಹಿಡಿದು, "ಅಮ್ಮ, ನೀನು ಹಿಂದೆ ಕೂತದ್ದು ಸಾಕು. ಇವತ್ತು ಮೊದಲ ಸಾಲಿನಲ್ಲಿ ದೊಡ್ಡೋರ ಜೊತೆ ಕೂತು ಕೇಳು" ಎಂದೆ. ಪ್ರೀತಿಯಿಂದಲೇ ಹೇಳಿದೆ, ಗೊತ್ತು. ತಂಬೂರಿಯನ್ನು ಚಪ್ಪಲಿ ಬಿಡುವ ಜಾಗದಲ್ಲಿ ಒರಗಿಸಿ ಬಂದು ಕೂತೆ. ಮೂರನೆಯ ಹಾಡಿನಲ್ಲಿ ನೀನು ಕೂದಲೆಳೆಯಷ್ಟು ಜಾರಿದೆ. ಡಬ್ಬಿ ಜಾರಲಿಲ್ಲ. ಜನಕ್ಕೆ ಗೊತ್ತಾಗಲಿಲ್ಲ, ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ ಎಂದು ನೀನು ಆರು ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದೀಯ. ನನ್ನ ಎಡಗೈ ಮಡಿಲಲ್ಲಿ ಮಣಿ ಹುಡುಕುತ್ತಿತ್ತು, ಪುಟ್ಟಿ.